ಕವಲಿನಲ್ಲಿ ನಿಂತ ಹವಾಲ್ದಾರ

ಸುಗತನ್ ಪುಟ್ಟು ಬೇಯಿಸುವ ಕೊಳವೆಗೆ ಒಂದು ಹಿಡಿ ಅಕ್ಕಿಹಿಟ್ಟು, ಒಂದು ಹಿಡಿ ತೆಂಗಿನತುರಿ ತುಂಬುತ್ತಿದ್ದಾಗ ಎಂಟು ವರ್ಷದ ಮಗಳು ಮಾಳು ಅಪ್ಪನ ಪಕ್ಕಕ್ಕೆ ಬಂದು ನಿಂತಳು.

“ಅಚ್ಚಾ, ಒಂದು ಕೇಳ್ಲಾ?”

ಸುಗತನ್ ಹಿಟ್ಟಿನಿಂದ ತಲೆ ಎತ್ತಲಿಲ್ಲ. ನಿನ್ನೆಯಷ್ಟೇ ಅವಳು ಹೊಸ ಮಿಲಿಟರಿ ಸಿನಿಮಾ ನೋಡಿ ಬಂದಿದ್ದಳು. ಎಷ್ಟು ಜನರನ್ನು ಹೊಡೆದೆ ಎಂದು ಕೇಳಿದರೆ? ಸೇನೆಯಿಂದ ನಿವೃತ್ತನಾಗಿ ಕೇರಳಕ್ಕೆ ಮರಳಿದಾಗ, ಗಡಿಯಲ್ಲಿದ್ದೆ ಎಂದಷ್ಟೇ ಅವನು ಊರಿಗೆ ಹೇಳಿದ್ದ. ಗಡಿಯ ಅಡುಗೆಮನೆಯಲ್ಲಿದ್ದೆ ಎಂದು ಹೇಳಿರಲಿಲ್ಲ.

ಅಷ್ಟರಲ್ಲಿ ಅವನನ್ನು ಅಣ್ಣನೆಂದೇ ಕರೆಯುವ, ವಾಚನಾಲಯದ ಕಾರ್ಯದರ್ಶಿ ಶಶಿಧರನ್ ನುಗ್ಗಿದ.

“ಚೇಟ್ಟಾ, ಹಿಟ್ಟು ಬಿಡಿ. ಸಂಜೆ ನಿಮಗೆ ಸನ್ಮಾನ. ಆ ಸಿನಿಮಾ ನೋಡಿದ ಮೇಲೆ ಊರಿಗೇ ನಿದ್ದೆ ಇಲ್ಲ.”

“ನಾನೇನು ಮಾಡಿದೀನಿ ಅಂತ, ಶಶಿ?”

“ಹೀರೋನೂ ಹೀಗೇ ಅಂತಾನೆ, ಇಂಟರ್ವಲ್‌ಗೆ ಮುಂಚೆ.”

ಬೇಡವೆನ್ನಲು ಸುಗತನ್‌ಗೆ ನಾಲಿಗೆ ಏಳಲಿಲ್ಲ. ಅವನಿಲ್ಲದ ಇಪ್ಪತ್ತೆರಡು ವರ್ಷ ಅಮ್ಮನ ಕಾಯಿಲೆಗೆ ಓಡಿದ್ದು, ಮಾಳು ಹುಟ್ಟುವ ದಿನ ಹೆಂಡತಿಯನ್ನು ಆಸ್ಪತ್ರೆಗೆ ಒಯ್ದದ್ದು ಇದೇ ಶಶಿ, ಇದೇ ಊರು.

ಮಧ್ಯಾಹ್ನಕ್ಕೆ ಪುನಲೂರು ಬಸ್ಸು ನಿಲ್ಲುವ ಕವಲಿನಲ್ಲಿ ಫ್ಲೆಕ್ಸ್ ಎದ್ದಿತು. ಹೀರೋನ ಎದೆ, ಹೀರೋನ ಬಂದೂಕು, ಹಿಂದೆ ಹಿಮ. ಕತ್ತಿನ ಮೇಲೆ ಮಾತ್ರ ಸುಗತನ್‌ನ ಪಡಿತರ ಚೀಟಿಯ ಫೋಟೋದ ಮುಖ, ಯಾರದೋ ಮದುವೆಗೆ ದಾರಿ ತಪ್ಪಿ ಬಂದವನ ಹಾಗೆ.

ಶಶಿ ತರಬೇತಿಯನ್ನೂ ಕೊಟ್ಟ. “ಮೊದಲು ಅಮ್ಮ, ಆಮೇಲೆ ಬಾವುಟ, ಆಮೇಲೆ ಗಂಟಲು ಕಟ್ಟಬೇಕು. ನಡುವೆ ಎರಡು ಮಾತು ಹಿಂದಿ. ಚಪ್ಪಾಳೆ ತಾನಾಗೇ ಬೀಳತ್ತೆ.”

ಸಂಜೆ ಶಾಲು ಹೊದಿಸಿದರು. ಸುಗತನ್ ಅಮ್ಮ ಎಂದ, ಬಾವುಟ ನೋಡಿದ. ಗಂಟಲು ನಿಜಕ್ಕೂ ಕಟ್ಟಿತು. ಮುಂದಿನ ಸಾಲಿನಲ್ಲಿ ಮಾಳು ಕಣ್ಣು ಮಿಟುಕಿಸದೆ ಕೂತಿದ್ದಳು. ಅವಳೆದುರು ಸುಳ್ಳು ಬಾಯಿಗೆ ಬರಲಿಲ್ಲ.

“ನಾನು ಯಾರ ಮೇಲೂ ಗುಂಡು ಹಾರಿಸಿಲ್ಲ. ಅಡುಗೆಯವನು ನಾನು. ಇನ್ನೂರು ಜನಕ್ಕೆ ಚಪಾತಿ ಲಟ್ಟಿಸ್ತಿದ್ದೆ. ನಾನಿಲ್ಲದಾಗ ನನ್ನ ಮನೆ ಕಾದವರು ನೀವು. ಈ ಶಾಲು ನಿಮಗೇ ಸೇರಬೇಕು.”

ಶಶಿ ನಿಧಾನವಾಗಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

“ಇದನ್ನ ಮೊದಲೇ ಹೇಳಬಾರದಾ, ಚೇಟ್ಟಾ? ನಾಡಿದ್ದು ವಾಚನಾಲಯದ ವಾರ್ಷಿಕೋತ್ಸವ, ಮುನ್ನೂರು ಎಲೆ ಊಟ. ಅಡುಗೆಯವನು ಇವತ್ತೇ ಕೈಕೊಟ್ಟ.”

ಆಗ ಬಿತ್ತು ಚಪ್ಪಾಳೆ. ನಿವೃತ್ತಿಯಾದ ಮೂರನೇ ತಿಂಗಳಿಗೆ ಸುಗತನ್ ಮತ್ತೆ ಸೇವೆಗೆ ಸೇರಿದ್ದ, ಈ ಸಲ ನೂರು ಜನ ಹೆಚ್ಚು.

ಮನೆಗೆ ನಡೆಯುವಾಗ ಮಾಳು ಅವನ ಬೆರಳು ಹಿಡಿದಳು.

“ಬೆಳಿಗ್ಗೆ ಕೇಳಕ್ಕೇ ಆಗ್ಲಿಲ್ಲ, ಅಚ್ಚಾ.”

“ಈಗ ಕೇಳು, ಮಗಳೇ.”

“ಸಿನಿಮಾದಲ್ಲಿ ಆ ಮೇಜರ್ ಮೂರು ದಿನ ಹಿಮದಲ್ಲೇ ನಿಂತು ಗುಂಡು ಹಾರಿಸ್ತಾನಲ್ಲ, ಅವನಿಗೆ ಊಟ ಯಾರು ಕೊಟ್ರು?”