ತಿಂಡಿ ವಿಚಾರಿಸಿದ ಕಳ್ಳ

ನಮ್ಮ ಅತ್ತೆ ಈ ಪ್ರಪಂಚದಲ್ಲಿ ನಂಬುವುದು ಎರಡನ್ನೇ: ಮನೆಯ ಬೀಗವನ್ನು, ಮತ್ತು ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವ ತಮ್ಮ ಬಲಗೈಯನ್ನು. ಈಚೆಗೆ ಬೀಗದ ಮೇಲೂ ಅನುಮಾನ ಶುರುವಾಗಿದೆ!

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಆರ್‌ಪಿಸಿ ಲೇಔಟಿನಲ್ಲಿ ಸ್ವಂತ ಮನೆ. ಮೂವತ್ತು ವರ್ಷ ಹೈಸ್ಕೂಲ್ ಟೀಚರಾಗಿದ್ದವರು. ಪಾಠ ಮಾಡಿದ್ದಕ್ಕಿಂತ ಪರೀಕ್ಷೆಯಲ್ಲಿ ಕಾಪಿ ಹಿಡಿದದ್ದಕ್ಕೇ ಹೆಸರುವಾಸಿ. ನಿವೃತ್ತಿಯಾದ ಮೇಲೆ ಕಾಪಿ ಹೊಡೆಯುವವರು ಸಿಗದೆ, ಕಣ್ಣಿಗೆ ಬಿದ್ದವರನ್ನೆಲ್ಲ ಪರೀಕ್ಷೆಗೆ ಕೂರಿಸುತ್ತಾರೆ.

ಒಂದು ದಿನ ಗ್ಯಾಸ್ ಸಿಲಿಂಡರ್ ತಂದವರು ಬಾಗಿಲಲ್ಲಿ ನಿಂತು, "ಓಟಿಪಿ ಹೇಳಿ ಮೇಡಂ" ಅಂದರಂತೆ.

"ಮೊದ್ಲು ನಿಮ್ದು ಹೇಳಿ."

"ನಂಗ್ ಬರಲ್ಲ ಮೇಡಂ, ನಿಮಗೇ ಬರೋದು."

"ನೋಡಿದ್ರಾ! ನಿಮ್ ಹತ್ರ ಇಲ್ಲ, ನನ್ದು ಮಾತ್ರ ಬೇಕು!"

ಪಾಪ, ಅವರು ಸಿಲಿಂಡರನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಟುಹೋದರು. ಎರಡು ದಿನ ಅತ್ತೆ ಕರೆಂಟ್ ಒಲೆಯ ಮೇಲೆ ಅನ್ನ ಬೇಯಿಸಿಕೊಂಡರು.

ಇಂಥವರ ಕೈಗೆ ಮೆಸೇಜ್ ಮಾಡುವ ಆ್ಯಪ್ ಸಿಕ್ಕಿದರೆ ಹೇಗಿರಬೇಡ? ಹಾಕಿಕೊಟ್ಟವನು ನಾನೇ. ಕಳ್ಳರು ಬೇರೆ ಫೋನಿನಲ್ಲಿ ಅವರ ಖಾತೆ ತೆರೆದುಬಿಡಬಾರದೆಂದು ಆರು ಅಂಕಿಯ ಪಿನ್ ಹಾಕಿಸಲು ಹೊರಟವನೂ ನಾನೇ.

"ಆ ಕಡೆ ತಿರುಗು" ಅಂದರು. ತಿರುಗಿದೆ.

"ಶೋಕೇಸ್ ಗಾಜಲ್ಲಿ ಕಾಣ್ಸುತ್ತೆ. ಆಚೆ ಹೋಗು."

ಗೇಟಿನ ಹತ್ತಿರ ಹೋಗಿ ನಿಂತೆ. ಎದುರು ಮನೆಯವರು ಜಗಳ ಆಯಿತೇನೋ ಎಂದು ಇಣುಕಿ ನೋಡಿದರು. ಕೊನೆಗೆ ಒಳಗೆ ಕರೆದಾಗ, "ಮರೆತುಹೋದ್ರೆ? ಎಲ್ಲಾದ್ರೂ ಬರೆದಿಡಿ ಅತ್ತೆ" ಅಂದೆ.

"ಬರೆದಿಟ್ಟಿದೀನಿ ಕಣೋ. ಆದ್ರೆ ತಪ್ಪು ನಂಬರ್ ಬರೆದಿದೀನಿ. ಕಳ್ಳಂಗೆ ಚೀಟಿ ಸಿಕ್ರೂ ಏನೂ ಪ್ರಯೋಜನ ಆಗ್ಬಾರ್ದು!"

ಆಮೇಲೆ ನಮ್ಮ ಕುಟುಂಬದ ಗ್ರೂಪಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಚಿಕ್ಕಪ್ಪನ ಮಗ ಹಬ್ಬದ ಶುಭಾಶಯ ಕಳಿಸಿದರೆ, "ನೀನೇ ಅಂತ ಏನ್ ಗ್ಯಾರಂಟಿ? ನಿನ್ನ ನಾಮಕರಣದಲ್ಲಿ ಯಾವ ಪಾಯಸ ಮಾಡಿದ್ರು ಹೇಳು" ಎಂದು ಉತ್ತರ. ತೊಟ್ಟಿಲಲ್ಲಿ ಮಲಗಿದ್ದವನಿಗೆ ಪಾಯಸದ ನೆನಪು ಎಲ್ಲಿಂದ ಬರಬೇಕು! ಅವನು ಫೇಲಾದ. ಅತ್ತೆ ಅವನನ್ನು ಬ್ಲಾಕ್ ಮಾಡಿದರು.

ಹೋದ ತಿಂಗಳು ಒಂದು ಬೆಳಿಗ್ಗೆ ಅದೇ ಚಿಕ್ಕಪ್ಪನ ಮಗನಿಂದ ನನಗೊಂದು ಮೆಸೇಜು: "ಅರ್ಜೆಂಟ್, ನನ್ನ ಕೋಡ್ ತಪ್ಪಾಗಿ ನಿನಗೆ ಬಂದಿದೆ, ಕಳ್ಸು." ನಾನು ಹೇರೋಹಳ್ಳಿಯಿಂದ ಬರುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಆರು ಅಂಕಿ ಬಂದಿತ್ತು, ಕಳಿಸಿಬಿಟ್ಟೆ. ಗುಂಡಿಗೆ ಚಕ್ರ ಇಳಿದಾಗ ಬೆರಳು ತಾನಾಗಿಯೇ ಒತ್ತಿತು ಎಂದು ಮನೆಯಲ್ಲಿ ಹೇಳಿದ್ದೇನೆ, ಯಾರೂ ನಂಬಿಲ್ಲ. ವಿಜಯನಗರ ಬರುವಷ್ಟರಲ್ಲಿ ನನ್ನ ಖಾತೆ ಬೇರೆಯವರ ಪಾಲಾಗಿತ್ತು. ಚಿಕ್ಕಪ್ಪನ ಮಗನ ಖಾತೆಯೂ ಹೀಗೇ ಹೋಗಿತ್ತಂತೆ. ಅತ್ತೆಗೆ ಪಿನ್ ಹಾಕಿಸಿದ ಮಹಾಶಯ ತನಗೇ ಹಾಕಿಕೊಂಡಿರಲಿಲ್ಲ!

ನೆಂಟರ ಫೋನುಗಳು ಶುರುವಾದವು. ನನ್ನ ಹೆಸರಿನಲ್ಲಿ ಎಲ್ಲರಿಗೂ ಕೋಡ್ ಕೇಳುವ ಮೆಸೇಜು ಹೋಗಿದೆ. ಅಂದರೆ ಅತ್ತೆಗೂ ಹೋಗಿರುತ್ತದಲ್ಲ! ಎಷ್ಟೇ ಅನುಮಾನದವರಾದರೂ, ಕೇಳುತ್ತಿರುವುದು ನಾನೆಂದುಕೊಂಡು ಕೋಡೂ ಪಿನ್ನೂ ಕೊಟ್ಟುಬಿಟ್ಟರೆ? ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸಿನಿಂದ ಇಳಿದು ಆಟೋ ಹಿಡಿದು ಓಡಿದೆ.

ಅತ್ತೆ ಗ್ರಿಲ್ಲಿನ ಹಿಂದೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಡಗೈ ತೋರ್ಸು."

ಚಿಕ್ಕವನಿದ್ದಾಗ ಅವರ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಲೆ ತೋರಿಸಿದೆ. ಬಾಗಿಲು ತೆರೆಯಿತು.

"ಫೋನ್ ಯಾಕ್ ಎತ್ಲಿಲ್ಲ ಅತ್ತೆ?"

"ಈಗ ದನೀನೂ ಕಾಪಿ ಹೊಡೀತಾರಂತೆ."

"ಕೋಡ್ ಕೊಟ್ರಾ?"

"ನನ್ನನ್ನ ಏನಂದ್ಕೊಂಡಿದೀಯಾ?" ಎಂದು ಫೋನನ್ನು ನನ್ನ ಮುಂದೆ ಹಿಡಿದರು.

ಕಳ್ಳನ ಮೊದಲ ಮೆಸೇಜು: "ಹೇಗಿದೀರಾ? ತಿಂಡಿ ಆಯ್ತಾ?" ಅತ್ತೆಯ ಉತ್ತರ: "ಆಯ್ತು ಕಣೋ, ಅಕ್ಕಿ ರೊಟ್ಟಿ. ನಿಂದು?" ಅವನು: "ಆಯ್ತು. ಒಂದು ಕೋಡ್ ಬರುತ್ತೆ, ಕಳ್ಸಿ." ಅತ್ತೆ: "ಮಂಡಿ ನೋವು ಇವತ್ತು ಪರವಾಗಿಲ್ಲ." ಅವನು: "ಓಕೆ. ಕೋಡ್?" ಅತ್ತೆ: "ನುಗ್ಗೆ ಮರ ಹೂ ಬಿಟ್ಟಿದೆ." ಹೀಗೇ ಅರ್ಧ ಗಂಟೆ! ಕೊನೆಗೆ ಕಳ್ಳನೇ ಸೋತು ಸುಮ್ಮನಾಗಿದ್ದ.

ನಾನು ಬಿದ್ದು ಬಿದ್ದು ನಕ್ಕೆ. "ಕಳ್ಳ ಅಂತ ಯಾವಾಗ ಗೊತ್ತಾಯ್ತು ಅತ್ತೆ?"

"ಮೊದಲ್ನೇ ಮೆಸೇಜಲ್ಲೇ. ನೀನು ಯಾವತ್ತು ನನ್ನ ತಿಂಡಿ ಆಯ್ತಾ ಅಂತ ಕೇಳಿದೀಯಾ?"

ನಗು ನಿಂತುಹೋಯಿತು. ಪರದೆಯನ್ನು ಮೇಲಕ್ಕೆ ಸರಿಸಿದೆ. ಒಂದು ವರ್ಷದಿಂದ ನಾನು ಕಳಿಸಿದ್ದು ಹೆಬ್ಬೆರಳಿನ ಚಿತ್ರ, "ಓಕೆ", ಮತ್ತೆ ಹೆಬ್ಬೆರಳು. ನಾಚಿಕೆಯಾಯಿತು.

"ಗೊತ್ತಿದ್ದೂ ಅಷ್ಟು ಹೊತ್ತು ಯಾಕ್ ಮಾತಾಡಿದ್ರಿ?"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. "ಅವನಾದ್ರೂ ಕೇಳಿದ್ನಲ್ಲೋ. ಮೇಲ್ಗಡೆ ನಿನ್ನ ಫೋಟೋನೂ ಇತ್ತು."

ನನ್ನ ಖಾತೆ ವಾಪಸ್ ಸಿಗಲು ಒಂದು ವಾರವಾಯಿತು. ಅವರ ಮನೆಯಲ್ಲೇ ಕೂತು ಪಿನ್ ಹಾಕಿಕೊಂಡೆ. ಯಾರೂ ಹೇಳದೆಯೇ ಅತ್ತೆ ಎದ್ದು ಗೇಟಿನ ಹತ್ತಿರ ಹೋಗಿ ನಿಂತಿದ್ದರು.

ಮಾರನೆಯ ದಿನ ಬೆಳಿಗ್ಗೆ ಬಸ್ಸಿನಿಂದ ಬರೆದೆ: "ತಿಂಡಿ ಆಯ್ತಾ ಅತ್ತೆ?"

ಓದಿದರು. ಉತ್ತರ ಬಂತು: "ಯಾರು ನೀನು?"

ಎಡಗೈಯ ಕಲೆಯ ಫೋಟೋ ತೆಗೆದು ಕಳಿಸಿದೆ.

"ಆಯ್ತು ಕಣೋ. ಉಪ್ಪಿಟ್ಟು. ನಿಂದು?"