ಆರನೆಯ ಗುಂಡು

ಹಾರ್ಲಿ ಟೀಟ್ಸ್ ಸಾಯುವಾಗ ಮಗ ಡೆಂಜಿಲ್‌ಗೆ ಬಿಟ್ಟುಹೋದದ್ದು ಒಂದು ಹಳೆಯ ಬಂದೂಕು, ಜೊತೆಗೆ ಒಂದು ಅಪ್ಪಣೆ. ಬಂದೂಕಿನ ಅಡಿಗೆ ಸಿಕ್ಕಿಸುವ ಗುಂಡಿನ ಡಬ್ಬಿಯ ತಳವನ್ನು ಮಾತ್ರ ಯಾವತ್ತೂ ಬಿಚ್ಚಕೂಡದು. ಒಳಗಿನ ಸ್ಪ್ರಿಂಗ್ ಮುರಿದರೆ ಅಂಥದ್ದು ವೆಸ್ಟ್ ವರ್ಜಿನಿಯಾದಲ್ಲೇ ಇನ್ನೊಂದು ಸಿಗುವುದಿಲ್ಲ. ಹದಿನಾಲ್ಕು ವರ್ಷ ಡೆಂಜಿಲ್ ಅಪ್ಪಣೆ ಮೀರಲಿಲ್ಲ. ಬಂದೂಕೂ ಹದಿನಾಲ್ಕು ವರ್ಷ ಊರೆದುರು ಕೈಕೊಡುವುದನ್ನು ಬಿಡಲಿಲ್ಲ.

ಕುದುರೆ ಎಳೆದ ಹಾಗೆಲ್ಲ ಮುಂದಿನ ಗುಂಡನ್ನು ತಾನೇ ಒಳಗೆಳೆದುಕೊಳ್ಳಬೇಕಾದ ಬಂದೂಕು ಅದು. ಡಬ್ಬಿಯಲ್ಲಿ ಹತ್ತು ಗುಂಡು. ಐದು ಲಕ್ಷಣವಾಗಿ ಹಾರುತ್ತಿದ್ದವು, ಆರನೆಯದು ಮೇಲೇಳುತ್ತಿರಲಿಲ್ಲ. ಬೇರೆ ಡಬ್ಬಿ ತರೋಣವೆಂದರೆ ಮಾಡಿದ ಕಂಪನಿಯೇ ಮುಚ್ಚಿ ಎಷ್ಟೋ ಕಾಲವಾಗಿತ್ತು.

ಪ್ರತಿ ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾಗುವ ಹಿಂದಿನ ಭಾನುವಾರ, ನಮ್ಮ ಕಣಿವೆಯ ಅಗ್ನಿಶಾಮಕ ದಳದ ಶೆಡ್ಡಿನ ಹಿಂದೆ ಗುರಿ ಪಂದ್ಯ ನಡೆಯುತ್ತದೆ. ಅರ್ಧ ನಿಮಿಷದಲ್ಲಿ ಹತ್ತು ಗುಂಡು ಹೊಡೆಯಬೇಕು. ಬಂದೂಕು ಮಧ್ಯದಲ್ಲಿ ಕಚ್ಚಿಕೊಂಡರೆ ಕೈ ಎತ್ತಬೇಕು. ಕೈ ಎತ್ತಿದವನ ಗುರಿ ಕಾಗದವನ್ನು ಯಾರೂ ನೋಡುವುದಿಲ್ಲ, ಹರಿದು ಒಲೆಗೆ ಹಾಕುತ್ತಾರೆ. ಅವನು ಸೋತವನಲ್ಲ, ಬಂದೂಕು ಸೋತದ್ದು. ಹಾರ್ಲಿ ಮೂವತ್ತು ವರ್ಷ ಕೈ ಎತ್ತಿದ, ಆಮೇಲೆ ಮಗ ಎತ್ತಿದ. ಆ ಡಬ್ಬಿಯೊಂದು ನೆಟ್ಟಗಿದ್ದಿದ್ದರೆ ಟೀಟ್ಸ್ ಮನೆಯವರ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ ಎಂದು ಕಣಿವೆಯಲ್ಲೆಲ್ಲ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವನು ಡೆಂಜಿಲ್.

ಈ ಸಲ ಭಾನುವಾರ ಬೆಳಿಗ್ಗೆ ಅವನ ಅಕ್ಕನ ಗಂಡ ರಾಂಡಲ್ ಚರ್ಚಿನಿಂದ ನೇರ ಅವನ ಅಡುಗೆಮನೆಗೆ ಬಂದ, ಕೊರಳಲ್ಲಿ ಟೈ, ಕೈಯಲ್ಲಿ ಇಕ್ಕಳ.

"ಡಬ್ಬಿ ಇವತ್ತು ರಿಪೇರಿ ಆಗ್ಲೇಬೇಕು ಡೆಂಜಿಲ್. ಇನ್ಮೇಲೆ ನಮ್ಮಿಬ್ರ ನಡುವೆ ಕೈ ಎತ್ತೋದು ಗಿತ್ತೋದು ಇಲ್ಲ. ಗೆದ್ದೋನಿಗೆ ಮಾವನ ಅಟ್ಟಣೆ."

ಅಟ್ಟಣೆಯೆಂದರೆ ಗುಡ್ಡದ ಓಕ್ ಮರದಲ್ಲಿ ಹಾರ್ಲಿ ತನ್ನ ಕೈಯಾರೆ ಹೊಡೆದು ಕೂಡಿಸಿದ ನಾಲ್ಕು ಹಲಗೆ. ಅಲ್ಲಿ ಕೂತೇ ಅವನು ವರ್ಷಾ ವರ್ಷಾ ಜಿಂಕೆ ಹೊಡೆದು ತಂದದ್ದು. ಡೆಂಜಿಲ್‌ಗೆ ಅಲ್ಲಿ ಜಿಂಕೆ ಸಿಕ್ಕಿದ್ದೇ ಇಲ್ಲ, ಆದರೂ ಅಪ್ಪನ ಪಕ್ಕ ಕೂತ ಹಾಗಾಗುತ್ತಿದ್ದದ್ದು ಜಗತ್ತಿನಲ್ಲಿ ಅದೊಂದೇ ಜಾಗದಲ್ಲಿ. ಒಲ್ಲೆ ಎನ್ನಬಹುದಿತ್ತು. ಆದರೆ ಹದಿನಾಲ್ಕು ವರ್ಷದ ಜಂಬವನ್ನು ಹೆಂಡತಿ ಲೊರೀನಳ ಎದುರು ನುಂಗುವುದು ಹೇಗೆ?

"ಆರನೇದು ಒಂದು ಎದ್ರೆ ಸಾಕು ಭಾವ. ಆಮೇಲೆ ನೀವು ಅಳ್ಬಾರ್ದು" ಎಂದುಬಿಟ್ಟ.

ಸುದ್ದಿ ಬೇಲಿ ದಾಟುವುದಕ್ಕೆ ಎಷ್ಟು ಹೊತ್ತು? ಪಕ್ಕದ ಮನೆಯ ಜೂನಿಯರ್ ಬೋಲ್ಯಾರ್ಡ್ ಹಾಜರಾದ. ಎಪ್ಪತ್ತಮೂರು ವರ್ಷವಾದರೂ ಊರಿಗೆ ಅವನಿನ್ನೂ ಜೂನಿಯರ್. ಡಬ್ಬಿಯನ್ನು ಮೂಸಿ ನೋಡಿ, ಹಳೇ ಎಣ್ಣೆ ಅಂಟಾಗಿದೆ, ಕುದಿಸಿದರೆ ಬಿಡುತ್ತದೆ ಎಂದ. ಲೊರೀನ್ ಸಾರಿಗಿಟ್ಟಿದ್ದ ಪಾತ್ರೆಯಲ್ಲಿ ಡಬ್ಬಿ ಕುದಿಯಿತು. ಒಣಗಿಸಲು ಜೋಳದ ರೊಟ್ಟಿಯ ಪಕ್ಕದಲ್ಲೇ ಓವನ್ನಿನಲ್ಲಿಟ್ಟರು. ರೊಟ್ಟಿಗೆ ಬಂದೂಕಿನ ಘಮ ಹತ್ತಿತು, ಲೊರೀನ್ ಮಾತು ನಿಲ್ಲಿಸಿದಳು. ಹಿತ್ತಲಿಗೆ ಹೋಗಿ ಹೊಡೆದು ನೋಡಿದರೆ ಐದು ಹಾರಿದವು, ಆರನೆಯದು ಮಲಗಿತ್ತು.

ಈಗ ರಾಂಡಲ್‌ನ ಸರದಿ. ತಪ್ಪೆಲ್ಲ ಡಬ್ಬಿಯ ಬಾಯಿಯ ಅಂಚಿನಲ್ಲಿದೆ ಎಂದು ಇಕ್ಕಳದಿಂದ ಒಂಚೂರು ಅಗಲಿಸಿದ. ಡಬ್ಬಿಗೆ ಗುಂಡು ತುಂಬಿದ್ದೇ ತಡ, ಹತ್ತೂ ಹುರಿದ ಜೋಳದಂತೆ ಚಿಮ್ಮಿ ನೆಲಕ್ಕೆ ಬಿದ್ದವು. ಒಂದು ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಮತ್ತೆ ಒತ್ತಿ ಬಿಗಿ ಮಾಡಿದ. ಈಗ ಎರಡನೆಯದೂ ಏಳಲಿಲ್ಲ. ಬೆಳಿಗ್ಗೆ ಐದು ಹೊಡೆಯುತ್ತಿದ್ದ ಬಂದೂಕು ಮಧ್ಯಾಹ್ನದ ಹೊತ್ತಿಗೆ ಒಂದಕ್ಕೆ ಇಳಿದಿತ್ತು.

ಕೊನೆಗೆ ಎಲ್ಲರೂ ಸೇರಿ ಬಂದೂಕು ರಿಪೇರಿಯ ವರ್ಲ್‌ನನ್ನು ಊಟದಿಂದ ಎಬ್ಬಿಸಿ ಅಂಗಡಿ ತೆಗೆಸಿದರು. ವರ್ಲ್ ಬಾಯಿಯ ಅಂಚನ್ನು ಎರಡೇ ನಿಮಿಷದಲ್ಲಿ ಸರಿಮಾಡಿ, ರೋಗ ಇರುವುದು ಬಾಯಲ್ಲಲ್ಲ ಹೊಟ್ಟೆಯಲ್ಲಿ, ತಳ ಬಿಚ್ಚಬೇಕು ಎಂದ. ಡೆಂಜಿಲ್‌ಗೆ ಅಪ್ಪನ ಮುಖ ಕಣ್ಣಮುಂದೆ ಬಂತು. ಗೋಡೆ ಗಡಿಯಾರ ನೋಡಿದ, ಪಂದ್ಯಕ್ಕೆ ಒಂದು ಗಂಟೆ ಉಳಿದಿತ್ತು.

"ಬಿಚ್ಚಪ್ಪ" ಎಂದು ಕಣ್ಣು ಮುಚ್ಚಿಕೊಂಡ.

ಸ್ಪ್ರಿಂಗ್ ಟಣ್ಣೆಂದು ಹಾರಿ ಮಾಯವಾಯಿತು. ನಾಲ್ಕು ಗಂಡಸರು ಮಂಡಿಯೂರಿ ಅಂಗಡಿಯನ್ನೆಲ್ಲ ತಡಕಾಡಿದರು. ಕೊನೆಗೆ ಅದು ಜೂನಿಯರನ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು. ಮುರಿದಿರಲಿಲ್ಲ. ಅಷ್ಟರಲ್ಲಿ ವರ್ಲ್ ಡಬ್ಬಿಯನ್ನು ಬೆಳಕಿಗೆ ಹಿಡಿದು, ಒಳಗೋಡೆಗೆ ಸಿಕ್ಕಿಸಿದ್ದ ಮೇಪಲ್ ಮರದ ಒಂದು ಚೂರನ್ನು ಚಿಮಟದಿಂದ ಹೊರಗೆಳೆದ. ಹೆಬ್ಬೆರಳಿನ ಉಗುರಿನಷ್ಟಿತ್ತು, ಮೂಲೆಗಳು ನುಣ್ಣಗಿದ್ದವು. ಗುಂಡುಗಳನ್ನು ಮೇಲೆತ್ತುವ ಪಟ್ಟಿ ಅರ್ಧ ದಾರಿಗೆ ಬಂದು ಇದಕ್ಕೆ ತಗುಲಿ ನಿಲ್ಲುತ್ತಿತ್ತು, ಅಷ್ಟೇ ಕತೆ. ವರ್ಲ್ ಚೂರನ್ನು ಒಲೆಗೆ ಎಸೆದ.

ಹೊರಗೆ ಹೋಗಿ ಮಣ್ಣಿನ ದಿಬ್ಬಕ್ಕೆ ಹೊಡೆದರೆ ಹತ್ತೂ ಗುಂಡು ಬೆಣ್ಣೆಯಂತೆ ಹೋದವು. ಅಪ್ಪ ಈ ಒಂದು ಚೂರಿನಿಂದಾಗಿ ಮೂವತ್ತು ವರ್ಷ ಗೆಲುವಿಲ್ಲದೆ ಹೋದನಲ್ಲ ಎಂದು ಡೆಂಜಿಲ್ ಜೂನಿಯರನ ಹೆಗಲ ಮೇಲೆ ಕೈಯಿಟ್ಟು ಎರಡು ಹನಿ ಕಣ್ಣೀರು ಹಾಕಿದ.

ಮೂರು ಗಂಟೆಗೆ ಡೆಂಜಿಲ್ ಭಾವನ ಪಕ್ಕದಲ್ಲಿ ಮಲಗಿ ಗುರಿಯಿಟ್ಟ. ಆರನೆಯ ಗುಂಡು ಹಾರಿದಾಗ ಕಣಿವೆಯೆಲ್ಲ ಚಪ್ಪಾಳೆ ತಟ್ಟಿತು. ಹತ್ತೂ ಮುಗಿದವು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಕಾಗದ ಒಲೆಗೆ ಹೋಗದೆ ಮೇಜಿನ ಮೇಲೆ ಬಂತು.

ಅದರಲ್ಲಿ ಎರಡು ತೂತು ಇದ್ದವು, ಎರಡೂ ಅಂಚಿನಲ್ಲಿ. ಪಕ್ಕದ ರಾಂಡಲ್‌ನ ಕಾಗದದಲ್ಲಿ ಹನ್ನೊಂದು ತೂತು. ಅವುಗಳಲ್ಲಿ ನಟ್ಟನಡುವೆ ಬಿದ್ದದ್ದೊಂದು ಯಾರದ್ದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡೆಂಜಿಲ್ ಹೊಡೆದ ಉಳಿದ ಏಳು ಇನ್ನೂ ಎಲ್ಲೋ ಹೋಗುತ್ತಿರಬೇಕು. ರಾಂಡಲ್ ಗೇಲಿ ಮಾಡಿದ್ದರೆ ವಾಸಿಯಿತ್ತು. ಅವನು ಟೋಪಿ ತೆಗೆದು ಸಾವಿನ ಮನೆಯಲ್ಲಿ ನಿಂತವನ ಹಾಗೆ ನಿಂತ.

ಡೆಂಜಿಲ್ ಮುಖ ತಪ್ಪಿಸಿಕೊಂಡು ಶೆಡ್ಡಿನ ಅಡುಗೆಮನೆಗೆ ನುಗ್ಗಿದ. ಅಲ್ಲಿ ಅವನ ಅಮ್ಮ ಐವಾ ಊರವರಿಗೆಲ್ಲ ಮಾಂಸದ ಚೂರು ತುಂಬಿ ಬೇಯಿಸುವ ಪೆಪರೋನಿ ರೋಲಿಗೆ ಹಿಟ್ಟು ನಾದುತ್ತಿದ್ದಳು. ಎಂಬತ್ತೊಂದರ ಮುದುಕಿ, ನಾದುವ ಕೈ ನಿಲ್ಲಿಸಲಿಲ್ಲ.

"ಹತ್ತು ಸದ್ದು ಕೇಳಿಸ್ತು. ತಳ ಬಿಚ್ಚಿದ್ರಾ?"

"ಹೂಂ ಅಮ್ಮ. ಒಳಗೊಂದು ಮರದ ಚೂರಿತ್ತು."

"ಅದೆಲ್ಲಿ ಈಗ?"

"ವರ್ಲ್ ಒಲೆಗೆ ಹಾಕ್ದ."

ಐವಾ ನಿಟ್ಟುಸಿರುಬಿಟ್ಟಳು. "ಅದನ್ನ ಕೆತ್ತೋಕೆ ನಿಮ್ಮಪ್ಪ ನನ್ನ ಅಡುಗೆಮನೆ ಮೇಜಿನ ಮೇಲೆ ಎರಡು ದಿನ ಕೂತಿದ್ದ ಕಣೋ. ಮೊದಲ್ನೇ ವರ್ಷ ಅವನ ಕಾಗದಾನೂ ಹೀಗೇ ಮೇಜಿಗೆ ಬಂದಿತ್ತು. ಅವನ್ದು ಒಂದೇ ತೂತು. ನೀನೇ ಎಷ್ಟೋ ವಾಸಿ."

ಡೆಂಜಿಲ್ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತ. ಹಾಗಾದರೆ ವರ್ಷಾ ವರ್ಷಾ ಮನೆಗೆ ಬರುತ್ತಿದ್ದ ಜಿಂಕೆ, ಗೋಡೆಯ ಮೇಲಿರುವ ಆ ಕೊಂಬು, ಎಂದು ತೊದಲಿದ.

"ನಾನು ಹೊಡೀತಿದ್ದೆ. ಕೋಳಿಗೂಡಿನ ಹಿಂದೆ ನೀರಿಗೆ ಬರ್ತಿದ್ವು. ಅವನಿಗೆ ಹೆಸರು ಬೇಕಿತ್ತು, ನಂಗೆ ಮಾಂಸ ಬೇಕಿತ್ತು. ಜಗಳ ಯಾಕೆ?"

"ಮತ್ತೆ ಅಟ್ಟಣೆ? ಅದನ್ನ ಭಾವನಿಗೆ ಸೋತುಬಿಟ್ಟೆನಲ್ಲಮ್ಮ!"

"ತಗೊಳ್ಳಿ ಬಿಡು. ಆ ದಾರೀಲಿ ಒಂದು ಜಿಂಕೇನೂ ಹಾದಿದ್ದಿಲ್ಲ. ಗಾಳಿ ಬೀಸಲ್ಲ ಅಂತ ನಿಮ್ಮಪ್ಪ ನಿದ್ದೆ ಮಾಡೋಕೆ ಹುಡುಕಿದ ಜಾಗ ಅದು."

ಡೆಂಜಿಲ್‌ನ ಮುಖ ತುಸು ಅರಳಿತು. ನಾಳೆ ಸೋಮವಾರ ಬೇಟೆ ಶುರು. ಭಾವ ಖಾಲಿ ಗುಡ್ಡ ಕಾಯುತ್ತಿರಲಿ, ಕೋಳಿಗೂಡಿನ ಹಿಂದೆ ತಾನು ಕೂರಬಹುದಲ್ಲ? ಬಂದೂಕೂ ಈಗ ಸರಿಯಾಗಿದೆ. ಅಮ್ಮನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ.

ಐವಾ ಕಿಟಕಿಯಾಚೆ, ಮೇಜಿನ ಮೇಲೆ ಗಾಳಿಗೆ ಪಟಪಟಿಸುತ್ತಿದ್ದ ಅವನ ಕಾಗದ ನೋಡಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಅವನ ಕೆನ್ನೆ ತಟ್ಟಿದಳು.

"ಬಾ ಮಗನೇ, ಆರಕ್ಕೆಲ್ಲ ಬಂದ್ಬಿಡು. ಬಂದೂಕು ಮನೇಲಿರ್ಲಿ, ಫ್ಲಾಸ್ಕ್ ತಗೊಂಡ್ಬಾ. ಬಿಸಿ ಬಿಸಿ ಕಾಫಿ ತಂದುಕೊಡ್ತಿದ್ದ ನಿಮ್ಮಪ್ಪ, ಅವನು ಹೋದ್ಮೇಲೆ ಆ ಕೆಲಸಕ್ಕೆ ಯಾರೂ ಇಲ್ಲ."