ಕಿಡಕಿ ಬರವಲ್ದು

ಒಬ್ಬಳೇ ಕೂತು ಮಾಡುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಆಗಾಗ ಏನಾದರೊಂದು ನಡೆಯುತ್ತಲೇ ಇರುತ್ತದೆ. ಜೊತೆಗೆ ನಗುವವರು ಇರುವುದಿಲ್ಲ, ಅಷ್ಟೇ.

ಬಾಗಲಕೋಟೆಯ ನವನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೇನೆ. ಕಂಪ್ಯೂಟರಿನಲ್ಲಿ ಪ್ರೋಗ್ರಾಮು ತೆರೆದರೆ ಪರದೆಯ ಮೇಲೆ ಅದರ ಕಿಟಕಿ ಮೂಡಬೇಕಲ್ಲ, ಅದನ್ನು ಮೂಡಿಸುವ ವ್ಯವಸ್ಥೆಗೆ ಡಿಸ್‌ಪ್ಲೇ ಸರ್ವರ್ ಎನ್ನುತ್ತಾರೆ. ಹಳೆಯದೊಂದಿದೆ, ಹೊಸದೊಂದಿದೆ. ಎಲ್ಲ ಬಗೆಯ ಯಂತ್ರಗಳಿಗೂ ಪ್ರೋಗ್ರಾಮು ಬರೆಯಲು ಬಳಸುವ ಒಂದು ಟೂಲ್‌ಕಿಟ್ ಇವೆರಡಕ್ಕೂ ಹೊಂದಿಕೊಳ್ಳುವಂತೆ ಮಾಡುವುದು ನನ್ನ ಕೆಲಸ. ತಂಡದವರೆಲ್ಲ ಬೇರೆ ಬೇರೆ ದೇಶಗಳಲ್ಲಿದ್ದಾರೆ. ಒಬ್ಬರನ್ನೂ ಎದುರಿಗೆ ಕಂಡಿಲ್ಲ.

ಅಳತಿ

ಕೆಳಗಿನ ಮನೆಯ ಮಾಲಕಿ ಒಮ್ಮೆ ಕೇಳಿದರು, "ತಂಗಿ, ದಿನಾ ಬಾಗ್ಲಾ ಹಾಕ್ಕೊಂಡು ಏನ್ ಕೆಲಸಾ ಮಾಡ್ತಿ?"

"ಕಿಡಕಿ ಬರೂಹಂಗ ಮಾಡ್ತೇನ್ರಿ ಅಕ್ಕಾರ. ಹಳೇದಕ್ಕೂ ಕೂಡಬೇಕು, ಹೊಸಾದಕ್ಕೂ ಕೂಡಬೇಕು."

ಅವರು ತಲೆಯಾಡಿಸಿ ಒಳಗೆ ಹೋದರು. ಮರುದಿನ ಬೆಳಿಗ್ಗೆ ಯಾರೋ ನನ್ನ ಬಾಗಿಲು ಬಡಿದರು. ಯಾರೂ ಬಡಿಯದ ಬಾಗಿಲು ಅದು. ಕೂದಲು ಸರಿಮಾಡಿಕೊಂಡು ಓಡಿಹೋಗಿ ತೆಗೆದೆ. ಹಿಂದಿನ ಓಣಿಯ ಹೆಂಗಸೊಬ್ಬರು ಕೈಯಲ್ಲಿ ಟೇಪು ಹಿಡಿದು ನಿಂತಿದ್ದರು.

"ಅಡಗಿ ಮನೀಗೆ ಒಂದ್ ಕಿಡಕಿ ಬೇಕಾಗಿತ್ರಿ. ಅಳತಿ ತಂದೇನಿ."

ತಿಳಿಸಿ ಹೇಳಿದೆ. ಚಹಾ ಕೊಟ್ಟು ಕೂರಿಸಿಕೊಂಡು ಇನ್ನೊಮ್ಮೆ ಹೇಳಿದೆ. ಅವರು ಪೂರಾ ಕೇಳಿಸಿಕೊಂಡು, ಕಪ್ಪು ಕೆಳಗಿಟ್ಟು ಎದ್ದರು.

"ಆತ್ ಬಿಡ್ರಿ. ಸೊಳ್ಳಿ ಜಾಳಗಿ ಅಷ್ಟರ ಹಚ್ಚಿ ಕೊಡ್ತೀರೇನು?"

ಬಂದ್ ಟೀವಿ

ಪರದೆಯೇ ಇಲ್ಲದ ಯಂತ್ರದಲ್ಲೂ ನಮ್ಮ ಟೂಲ್‌ಕಿಟ್ ಕುಸಿಯದೆ ನಡೆಯಬೇಕು. ಅದನ್ನು ಪರೀಕ್ಷಿಸಲು ಮಾನಿಟರಿನ ವಾಯರು ಕಿತ್ತಿಟ್ಟು, ಕಪ್ಪು ಪರದೆಯ ಮುಂದೆ ಕೂತು ಅಂದಾಜಿನಲ್ಲೇ ಟೈಪು ಮಾಡುತ್ತಿದ್ದೆ. ಒಳಗಿಂದ ಬೀಪ್ ಅಂದರೆ ಸರಿಯಾಯಿತೆಂದು ಅರ್ಥ.

ಮಾಲಕಿ ಬದನೆಕಾಯಿ ಪಲ್ಯ ತಂದವರು ಬಾಗಿಲಲ್ಲೇ ನಿಂತು ಕಪ್ಪು ಪರದೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಬಟ್ಟಲು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹಿಂಗ ಬಂದ್ ಇದ್ದ ಟೀವಿ ನೋಡ್ಕೋತ ಕುಂದರಬ್ಯಾಡ ತಂಗಿ. ಕೆಳಗ ಬಾ. ನಮ್ಮದು ಚಾಲೂ ಐತಿ."

ವಿವರಿಸಬಹುದಿತ್ತು. ವಿವರಿಸಲಿಲ್ಲ. ಹೆಗಲ ಮೇಲಿನ ಕೈ ತೆಗೆದುಬಿಟ್ಟಾರು ಅನ್ನಿಸಿತು. ಕೆಳಗೆ ಹೋಗಿ, ಹಿಂದುಮುಂದು ಗೊತ್ತಿಲ್ಲದ ಧಾರಾವಾಹಿಯನ್ನು ಅವರ ಪಕ್ಕ ಕೂತು ಪೂರ್ತಿ ನೋಡಿದೆ.

ಮರುದಿನ ಅವರು ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಹೇಳುತ್ತಿದ್ದರು, "ಭಾಳ ಶ್ಯಾಣೆ ಹುಡುಗಿ. ಕರೆಂಟ್ ಬಿಲ್ ಬರ್ತೇತಂತ ಟೀವಿ ಹಚ್ಚಂಗೇ ಇಲ್ಲ, ಬರೇ ನೋಡ್ತಾಳ."

ವಿವರಣೆ

ವಾರಕ್ಕೊಮ್ಮೆ ತಂಡದ ಸಭೆ ವಿಡಿಯೋದಲ್ಲಿ ನಡೆಯುತ್ತದೆ. ಹೊಸ ಡಿಸ್‌ಪ್ಲೇ ಸರ್ವರಿನಲ್ಲಿ ನಮ್ಮ ಪರದೆಯನ್ನು ಇನ್ನೊಬ್ಬರಿಗೆ ತೋರಿಸಲು ಬೇರೆ ಅನುಮತಿ ಬೇಕು. ಅದನ್ನು ಕೊಡುವುದು ಮರೆತು ನಾನು ಮಾತಾಡುತ್ತಲೇ ಹೋದೆ. ಯಾರೂ ಅಡ್ಡ ಮಾತಾಡಲಿಲ್ಲ. ಎಷ್ಟು ಗಮನವಿಟ್ಟು ಕೇಳುತ್ತಿದ್ದಾರಲ್ಲ ಎಂದು ಹಿಗ್ಗಿ, ಇನ್ನಷ್ಟು ವಿವರವಾಗಿ ಹೇಳಿದೆ.

ಅಷ್ಟರಲ್ಲಿ ಕೆಳಗಿಂದ ಮಾಲಕಿಯ ದನಿ ಬಂತು. "ತಂಗಿ, ರೊಟ್ಟಿ ಬಿಸಿ ಅದಾವ. ಬರ್ತಿಯೋ, ಮ್ಯಾಲ ತರ್ಲ್ಯೋ?"

ಒಮ್ಮೆಗೇ ಎಲ್ಲರ ಮೈಕುಗಳೂ ತೆರೆದವು. ಯಾರದು, ಏನಂದರು, ಯಾವ ಹಿಟ್ಟು, ಕೈಯಲ್ಲೇ ಬಡಿಯುತ್ತಾರೆಯೇ. ಉಳಿದ ಸಭೆಯೆಲ್ಲ ಜೋಳದ ರೊಟ್ಟಿಯದೇ ಆಯಿತು. ಕೊನೆಗೆ ತಂಡದ ಮುಖ್ಯಸ್ಥರು ಹೇಳಿದರು, "ನಿಮ್ಮ ಪರದೆ ಮೊದಲಿನಿಂದಲೂ ಕಪ್ಪಾಗಿಯೇ ಇತ್ತು. ಆದರೂ ನಿಮ್ಮ ವಿವರಣೆಗಳಲ್ಲಿ ನಮಗೆ ಪೂರ್ತಿ ಅರ್ಥವಾದದ್ದು ಈ ರೊಟ್ಟಿಯದೊಂದೇ."

ಗುಳೇದಗುಡ್ಡದ ದೂರು

ಟೂಲ್‌ಕಿಟ್‌ನ ಹೊಸ ಆವೃತ್ತಿಯಲ್ಲಿ ಹಳೆಯ ಸರ್ವರಿನ ಬೆಂಬಲ ಬೇಡವೆಂದು ತಂಡ ತೀರ್ಮಾನಿಸಿತು. ಅದು ಹೊರಬಿದ್ದ ಸ್ವಲ್ಪ ದಿನಕ್ಕೆ, ಲೋಕದವರೆಲ್ಲ ಇಂಗ್ಲಿಷಿನಲ್ಲಿ ದೂರು ಬರೆಯುವ ನಮ್ಮ ಜಾಲತಾಣದಲ್ಲಿ ಕನ್ನಡದ ಒಂದು ಸಾಲು ಬಂತು: "ಕಿಡಕಿ ಬರವಲ್ದು."

ಬರೆದವರು ಗುಳೇದಗುಡ್ಡದ ಹೆಣ್ಣುಮಗಳು. ಖಣದ ಸೀರೆ, ಕುಪ್ಪಸಗಳಿಗೆ ಹಳೆಯ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವವರು. ಬಿಡಿಸುವ ಪ್ರೋಗ್ರಾಮು ನಮ್ಮ ಟೂಲ್‌ಕಿಟ್ಟಿನದು; ಹೊಸ ಆವೃತ್ತಿ ಬಂದ ಮೇಲೆ ಅದರ ಕಿಟಕಿಯೇ ಮೂಡುತ್ತಿರಲಿಲ್ಲ. ಏನು ಮಾಡಬೇಕೆಂದು ಉತ್ತರ ಬರೆದು ತಿಳಿಸಿದ್ದು ಸಾಲದೆ, ವಿಳಾಸ ಕೇಳಿಕೊಂಡು ಭಾನುವಾರ ಬಸ್ಸು ಹತ್ತಿ ನಾನೇ ಹೋದೆ. ಅವರ ಕಂಪ್ಯೂಟರಿನ ಮಟ್ಟಿಗೆ ಹಳೆಯ ಸರ್ವರಿನ ಬೆಂಬಲ ಸೇರಿಸಿ ಮತ್ತೆ ಹೊಂದಿಸಿಕೊಟ್ಟೆ. ಪರದೆಯ ಮೇಲೆ ಅರ್ಧ ಬಿಡಿಸಿದ ನವಿಲು ಮೂಡಿತು.

"ಬಂತ್ ನೋಡ್ರಿ," ಅಂದರು.

ನನ್ನದೇ ವಯಸ್ಸಿನವರು. ಪಕ್ಕದ ಕೋಣೆಯ ಮಗ್ಗದ ಸದ್ದಿನಲ್ಲಿ ಸಂಜೆಯವರೆಗೂ ಕೂಗಿ ಕೂಗಿ ಮಾತಾಡಿದೆವು. ಮನೆಗೆ ಬಂದಾಗ ಗಂಟಲು ಕಟ್ಟಿತ್ತು. ಮಾತಾಡಿ ಗಂಟಲು ಕಟ್ಟಿ ಎಷ್ಟು ಕಾಲವಾಗಿತ್ತೋ.

ಕೆಲವು ವಾರಗಳಾದ ಮೇಲೆ ಅದೇ ತಾಣದಲ್ಲಿ ಅವರದೇ ಮತ್ತೊಂದು ದೂರು ಬಂತು: "ಭಾಳ ದಿವ್ಸ ಆತು, ಯಾರೂ ಬರವಲ್ರು." ಗಾಬರಿಯಾಗಿ ಮತ್ತೆ ಹೋದೆ.

"ಏನ್ ಕೆಟ್ಟೇತ್ರಿ?"

"ಏನೂ ಕೆಟ್ಟಿಲ್ರಿ. ನಿಮ್ಮ ನಂಬರ್ ಇಸ್ಕೊಳ್ಳೂದ ಮರತಿದ್ದೆ. ನಿಮಗ ಮುಟ್ಟೂದು ಅದೊಂದ ಜಾಗಾ ಅಲ್ಲೇನ್ರಿ, ಅದಕ್ಕ ಅಲ್ಲೇ ಬರದೆ. ತಿನ್ನಾಕ ಸಿಹಿ ಮಾದಲಿ ಮಾಡೇನಿ, ಕುಂದರ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೂತು, ಆ ದೂರನ್ನು ಮುಗಿಸಿಬಿಡೋಣವೆಂದು ಫೋನು ತೆರೆದೆ. ದೂರದ ದೇಶದ ಸಹೋದ್ಯೋಗಿಯೊಬ್ಬ ಅಷ್ಟರಲ್ಲಿ ಅದನ್ನು ಯಂತ್ರದಿಂದ ಅನುವಾದಿಸಿಕೊಂಡು, ಬಹಳ ಶ್ರದ್ಧೆಯಿಂದ ಉತ್ತರ ಬರೆದಿದ್ದ:

"ಪರೀಕ್ಷಿಸಿದೆ. ಹಳೆಯ ಸರ್ವರ್, ಹೊಸ ಸರ್ವರ್, ಎರಡರಲ್ಲೂ ನೋಡಿದೆ. ನನ್ನ ಕಡೆಯೂ ಯಾರೂ ಬರುತ್ತಿಲ್ಲ."